ಗುಂಡಿ ಮಾತ್ರ ಬಾಕಿ

ಟೈಲರ್ ಮಾಸ್ತರರು ನಲವತ್ತು ವರ್ಷಗಳಿಂದ ಒಂದೇ ಸುಳ್ಳನ್ನು ನಂಬಿ ಬದುಕಿದವರು. ಬಟ್ಟೆ ಕೇಳಲು ಯಾರೇ ಬರಲಿ, ಮಿಷನ್ನಿನಿಂದ ತಲೆ ಎತ್ತದೆ, "ಗುಂಡಿ ಮಾತ್ರ ಬಾಕಿ, ನಾಳೆ ಬನ್ನಿ" ಅನ್ನುತ್ತಿದ್ದರು. ಬಟ್ಟೆ ಆಗಿನ್ನೂ ಪೊಟ್ಟಣದಿಂದ ಹೊರಗೇ ಬಂದಿರುತ್ತಿರಲಿಲ್ಲ. ಒಬ್ಬ ಮದುಮಗ ಹಳೇ ಪ್ಯಾಂಟಿನಲ್ಲೇ ಮದುವೆಯಾದದ್ದು ಇವರ ಕೃಪೆಯಿಂದ. ಆದರೂ ಜನ ಬರುತ್ತಿದ್ದರು. ಅವರು ಹೊಲಿದ ಅಂಗಿ ತೊಟ್ಟರೆ ಎಂಥವನ ಬೊಜ್ಜೂ ಮರ್ಯಾದೆಯಿಂದ ನಡೆದುಕೊಳ್ಳುತ್ತಿತ್ತು.

ಗಿರಾಕಿಗಳ ವಿಷಯದಲ್ಲಿ ಇಷ್ಟು ದಪ್ಪ ಚರ್ಮದ ಮಾಸ್ತರರು ಒಂದು ಕೋಳಿಯ ಮುಂದೆ ಮಾತ್ರ ಮೆತ್ತಗಾಗುತ್ತಿದ್ದರು. ಅಂಗಡಿಯ ಹಿಂದಿನ ಅಂಗಳದಲ್ಲಿ ಐದು ಹೇಂಟೆಗಳಿದ್ದವು. ನಾಲ್ಕಕ್ಕೆ ಹೆಸರಿರಲಿಲ್ಲ, ಐದನೆಯವಳು ದೊರೆಸಾನಿ. ಕಂದು ಮೈ, ಎದೆ ಸೆಟೆಸಿ ನಡೆಯುವ ಠೀವಿ. ಬೆಳಗಾದರೆ ಹಿಂಬಾಗಿಲಿನಿಂದ ಬಂದು ಮಿಷನ್ನಿನ ಪೆಡಲಿನ ಪಕ್ಕ ಕೂರುತ್ತಿದ್ದಳು. ಹೆಂಡತಿ ತೀರಿಕೊಂಡ ಮೇಲೆ ಮಾಸ್ತರರು ದಿನವಿಡೀ ಮಾತಾಡುತ್ತಿದ್ದದ್ದು ಅವಳ ಜೊತೆಗೇ. ಮನೆ ನೋಡಿಕೊಳ್ಳಲು ಅಕ್ಕ ಬಂದಿದ್ದಳು, ನಿಜ. ಆದರೆ ಅಕ್ಕನಿಗೆ ಒಂದು ಮಾತು ಹೇಳಿದರೆ ಹತ್ತು ತಿರುಗಿ ಬರುತ್ತಿದ್ದವು. ಕೋಳಿಯಲ್ಲಿ ಆ ಕಾಟವಿರಲಿಲ್ಲ.

ಒಂದು ಬೆಳಿಗ್ಗೆ ದೊರೆಸಾನಿ ಬರಲಿಲ್ಲ. ಗೂಡಿನ ಮೂಲೆಯಲ್ಲಿ ರೆಕ್ಕೆ ಇಳಿಬಿಟ್ಟು ನಿಂತಿದ್ದಳು. ಕುತ್ತಿಗೆಯ ಬುಡದಲ್ಲಿರುವ ಮೇವಿನ ಚೀಲ, ರಾತ್ರಿ ಕಳೆದರೆ ಖಾಲಿಯಾಗಬೇಕಾದದ್ದು, ನೀರು ತುಂಬಿದ ಬಲೂನಿನ ಹಾಗೆ ಜೋತುಬಿದ್ದಿತ್ತು. ಕೊಕ್ಕು ತೆರೆದರೆ ಹಳಸಿದ ಹಿಟ್ಟಿನ ಹುಳಿ ವಾಸನೆ. ಹೆದರಿದಾಗ ಮಾಸ್ತರರಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ. ಕೊರಳಿನ ಟೇಪು ತೆಗೆದು ಅಳೆದರು. ಅಳತೆ ಪುಸ್ತಕದಲ್ಲಿ, ಹೆಡ್‌ಮಾಸ್ತರರ ಸೊಂಟದ ಕೆಳಗೆ, "ದೊರೆಸಾನಿ, ಎದೆ, ಹದಿನಾಲ್ಕು" ಎಂದು ಬರೆದುಕೊಂಡರು.

ಅಕ್ಕ ತನ್ನ ವೈದ್ಯ ಶುರುಮಾಡಿದಳು. ಸಕ್ಕರೆ ನೀರಿನಲ್ಲಿ ಬ್ರೆಡ್ಡು ನೆನೆಸಿ ತಿನ್ನಿಸಿದಳು. ಮರುದಿನ ಟೇಪು ಹದಿನೈದು ತೋರಿಸಿತು. ತಲೆಕೆಳಗು ಹಿಡಿದು ಅಲ್ಲಾಡಿಸಿದರೆ ಎಲ್ಲ ಹೊರಗೆ ಬೀಳುತ್ತದೆ ಎಂದು ಅವಳು ಮುಂದೆ ಬಂದಾಗ ಮಾಸ್ತರರು ಕೋಳಿಯನ್ನು ಅವುಚಿಕೊಂಡು ಅಂಗಡಿಯಿಂದಲೇ ಹೊರಬಿದ್ದರು. ಹೋಗುವುದಾದರೂ ಎಲ್ಲಿಗೆ? ಊರಿಗೆಲ್ಲ ಪ್ರಾಣಿಗಳ ಡಾಕ್ಟರಮ್ಮ ಒಬ್ಬರೇ. ಅವರ ನೀಲಿ ಕೋಟಿಗೆ ಮೂರು ತಿಂಗಳಿಂದ ಗುಂಡಿ ಮಾತ್ರ ಬಾಕಿ ಇತ್ತು.

ಡಾಕ್ಟರಮ್ಮ ಕೋಟಿನ ಸುದ್ದಿಯನ್ನೇ ಎತ್ತಲಿಲ್ಲ. ಮಾಸ್ತರರಿಗೆ ಅದರಿಂದ ಇನ್ನಷ್ಟು ಭಯವಾಯಿತು. ಡಾಕ್ಟರಮ್ಮ ಕೊಕ್ಕು ಬಿಡಿಸಿ ಒಳಗಿನ ಬಿಳಿ ಪೊರೆ ತೋರಿಸಿ, ಚೀಲದಲ್ಲಿ ಮೇವು ಕೊಳೆತು ಯೀಸ್ಟ್ ಬೆಳೆದಿದೆ ಎಂದರು. ತಲೆಕೆಳಗು ಮಾಡಿದ್ದರೆ ಆ ನೀರು ಶ್ವಾಸಕೋಶಕ್ಕೆ ಹೋಗಿ ಅಲ್ಲೇ ಕಥೆ ಮುಗಿಯುತ್ತಿತ್ತಂತೆ. ಒಂದು ದಿನ ಬರೀ ನೀರು, ಹೊತ್ತುಹೊತ್ತಿಗೆ ಔಷಧದ ಹನಿ, ಚೀಲವನ್ನು ಮೆಲ್ಲಗೆ ನೀವುವುದು. ಬ್ರೆಡ್ಡಿನ ವಿಷಯ ಕೇಳಿ ಮಾತ್ರ ಅವರ ಮುಖ ಗಂಟಾಯಿತು.

"ಸಕ್ಕರೆ ಕೊಟ್ರೆ ರೋಗಕ್ಕೆ ಊಟ ಹಾಕಿದ ಹಾಗೆ, ಕೋಳಿಗಲ್ಲ," ಅಂದರು.

ಮಾಸ್ತರರು ಅಂಗಡಿಯ ಅರ್ಧ ಬಾಗಿಲು ಹಾಕಿ ಎರಡು ದಿನ ಚೀಲ ನೀವಿದರು. ಅಕ್ಕ ಸಕ್ಕರೆ ಡಬ್ಬಿಯ ಹತ್ತಿರ ಸುಳಿದರೆ ಕಣ್ಣು ಬಿಡುತ್ತಿದ್ದರು. ನೀರೇನೋ ಇಳಿಯಿತು. ಆದರೆ ಒಳಗೆ ನಿಂಬೆಹಣ್ಣಿನಷ್ಟು ಗಟ್ಟಿಯಾದದ್ದೊಂದು ಬೆರಳಿಗೆ ಸಿಕ್ಕಿತು, ಎಷ್ಟು ನೀವಿದರೂ ಕರಗಲಿಲ್ಲ. ಮೂರನೆಯ ಬೆಳಿಗ್ಗೆ ದೊರೆಸಾನಿ ಕತ್ತು ಎತ್ತುವುದನ್ನೂ ಬಿಟ್ಟಳು. ಅಕ್ಕನನ್ನೂ ಕರೆದುಕೊಂಡು ಮಾಸ್ತರರು ಮತ್ತೆ ಓಡಿದರು. ಆ ಗಂಟು ಇರುವವರೆಗೆ ಮೇವು ಕೊಳೆಯುತ್ತಲೇ ಇರುತ್ತದೆ, ಕೊಯ್ದು ತೆಗೆಯಬೇಕು ಎಂದರು ಡಾಕ್ಟರಮ್ಮ.

ಜೀವಮಾನವೆಲ್ಲ ಕತ್ತರಿ ಹಿಡಿದ ಮನುಷ್ಯ ಗೋಡೆಗೆ ಮುಖ ಮಾಡಿ ನಿಂತರು. ಕೋಳಿಯ ಕಾಲು ಹಿಡಿದುಕೊಂಡದ್ದು ಅಕ್ಕ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಕೊಯ್ದು, ಒಳಗಿನದನ್ನು ಹೊರಗೆ ತೆಗೆದದ್ದಾಯಿತು. ಸೂಜಿ ಹೊರಬಂದ ಸದ್ದಿಗೆ ಮಾಸ್ತರರು ತಡೆಯಲಾರದೆ ಒಂದು ಕಣ್ಣು ಈ ಕಡೆ ಹೊರಳಿಸಿದರು. ಒಳಗಿನ ಅಸ್ತರು ಬೇರೆ, ಮೇಲಿನದು ಬೇರೆ ಹೊಲಿಯಬೇಕು ಎಂದು ಸಲಹೆಯನ್ನೂ ಕೊಟ್ಟರು. ಡಾಕ್ಟರಮ್ಮ ಅದನ್ನೇ ಮಾಡುತ್ತಿದ್ದರು. ಮಾಸ್ತರರು ಮತ್ತೆ ಗೋಡೆಯ ಕಡೆ ತಿರುಗಿದರು.

ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ಹೊರಬಂದ ಉಂಡೆಯನ್ನು ತಟ್ಟೆಯಲ್ಲಿ ತೊಳೆದರು. ಅದು ಪೂರ್ತಿ ದಾರ. ಸಂಜೆ ಅಂಗಡಿ ಗುಡಿಸಿ ಕಸವನ್ನು ಹಿಂಬಾಗಿಲಿನಿಂದ ಅಂಗಳಕ್ಕೆ ತಳ್ಳುವುದು ಮಾಸ್ತರರ ನಲವತ್ತು ವರ್ಷದ ಅಭ್ಯಾಸ. ದೊರೆಸಾನಿ ಅದನ್ನು ಹುಳುವೆಂದು ಹೆಕ್ಕಿದ್ದಳು. ಇಡೀ ಪ್ರಪಂಚದಲ್ಲಿ ತಾವು ಸುಳ್ಳು ಹೇಳದಿದ್ದ ಒಂದೇ ಜೀವಕ್ಕೆ ತಾವೇ ಕೈಯಾರೆ ವಿಷ ಹಾಕಿದೆವಲ್ಲ ಎಂದು ಅವರಿಗೆ ಅಳು ಬಂತು. ಅಕ್ಕನ ಎದುರಿಗೇ ಅತ್ತರು. ಅಕ್ಕ ಅದೊಂದು ಸಲ ತಿರುಗಿ ಮಾತಾಡಲಿಲ್ಲ.

ಡಾಕ್ಟರಮ್ಮ ಚಿಮಟದಿಂದ ದಾರಗಳನ್ನು ಒಂದೊಂದೇ ಬಿಡಿಸಿಟ್ಟರು. ಖಾಕಿ ಅಂಚೆಯವನದು. ಹಸಿರು ಶಾಲೆಯ ಮಕ್ಕಳದು. ಕೆಂಪು ಬ್ಯಾಂಡಿನವರದು. ಬಿಳಿಯದು ಅಕ್ಕನ ದಿಂಬಿನ ಚೀಲದ್ದು.

"ಎಲ್ಲಾರದ್ದೂ ಇದೆ ಮಾಸ್ತ್ರೇ. ನನ್ನ ಕೋಟಿನ ನೀಲಿ ಎಲ್ಲಿ?"

ನಲವತ್ತು ವರ್ಷದಲ್ಲಿ ಮೊದಲ ಸಲ ಮಾಸ್ತರರ ಬಾಯಿಗೆ ಒಂದು ಸುಳ್ಳೂ ಬರಲಿಲ್ಲ. ಅವರು ಕೇಳಿದ್ದು ಬೇರೆಯೇ. "ಉಳೀತಾಳಾ ಡಾಕ್ಟ್ರೇ?"

ಡಾಕ್ಟರಮ್ಮ ಕೈಗವಸು ಕಳಚುತ್ತ ಅವರನ್ನು ಒಂದು ಕ್ಷಣ ನೋಡಿದರು. "ನಾಳೆ ಬನ್ನಿ."

ಆ ಎರಡು ಮಾತು ಎಷ್ಟು ಭಾರ ಎಂದು ಮಾಸ್ತರರಿಗೆ ಅಂದು ಗೊತ್ತಾಯಿತು. ಇದನ್ನೇ ಹೊತ್ತುಕೊಂಡು ಎಷ್ಟು ಜನ ತಮ್ಮ ಮೆಟ್ಟಿಲಿಳಿದು ಹೋಗಿದ್ದಾರೋ. ಅಂಗಡಿಗೆ ಬಂದವರೇ ಕಪಾಟಿನ ತಳದಿಂದ ನೀಲಿ ಬಟ್ಟೆಯ ಪೊಟ್ಟಣ ಎಳೆದರು. ಕಟಿಂಗ್ ಟೇಬಲ್ಲಿನ ಪಕ್ಕ ಒಂದು ಹಳೇ ಡಬ್ಬಿ ಇಟ್ಟುಕೊಂಡು, ಉದುರಿದ ದಾರವನ್ನೆಲ್ಲ ಅದಕ್ಕೆ ಹಾಕುತ್ತ, ಊಟಕ್ಕೂ ಏಳದೆ ಹೊಲಿದರು. ಪೆಡಲಿನ ಪಕ್ಕದ ಖಾಲಿ ಜಾಗವನ್ನು ನೋಡದಿರಲು ಅದೊಂದೇ ದಾರಿಯಿತ್ತು.

ಮರುದಿನ ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲೇ ಅವರು ಅಲ್ಲಿದ್ದರು. ದೊರೆಸಾನಿ ಪಂಜರದಲ್ಲಿ ನಿಂತಿದ್ದಳು. ಚೀಲ ಚಪ್ಪಟೆಯಾಗಿತ್ತು, ಕತ್ತು ನೆಟ್ಟಗಿತ್ತು. ಮಾಸ್ತರರನ್ನು ಕಂಡದ್ದೇ ಸರಳಿನಿಂದ ಕೊಕ್ಕು ಹೊರಚಾಚಿ, ಅವರ ಕೈಲಿದ್ದ ಕೋಟಿನ ಅಂಚಿನಲ್ಲಿ ನೇತಾಡುತ್ತಿದ್ದ ನೀಲಿ ದಾರಕ್ಕೇ ಬಾಯಿ ಹಾಕಿದಳು. ಮಾಸ್ತರರು ಸರಕ್ಕನೆ ಕೋಟು ಎಳೆದುಕೊಂಡು ಆ ದಾರವನ್ನು ಹಲ್ಲಿನಿಂದ ಕಡಿದು ಜೇಬಿಗೆ ಹಾಕಿಕೊಂಡರು.

"ಡಾಕ್ಟ್ರೇ," ಅಂದರು, "ಗುಂಡಿ ಮಾತ್ರ ಬಾಕಿ."

ಡಾಕ್ಟರಮ್ಮ ನಂಬದೆ ಕೋಟನ್ನು ಕೈಗೆತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ನಿಜವಾಗಿಯೂ ಗುಂಡಿ ಮಾತ್ರ ಬಾಕಿ ಇತ್ತು. ಮಾಸ್ತರರು ಜೇಬಿನಿಂದ ಸೂಜಿ ತೆಗೆದು, ದನದವರು ಕೂರುವ ಬೆಂಚಿನಲ್ಲಿ ದೊರೆಸಾನಿಗೆ ಬೆನ್ನು ಹಾಕಿ ಕೂತು, ಐದೂ ಗುಂಡಿ ಹಾಕಿಕೊಟ್ಟರು.