ಅವ್ವನ ಬಿತ್ತನೆ ರಾಗಿ

ನಮ್ಮವ್ವ ಬಿತ್ತನೆ ರಾಗೀನ ಬೆಳಿಗ್ಗೆ ಬಟ್ಟೇಲಿ ಗಂಟು ಕಟ್ಟಿ ನೆನೆಹಾಕಿ, ಮಧ್ಯಾಹ್ನ ತೆಗೆದು ನೆರಳಲ್ಲಿ ಹರವಿ ಒಣಗಿಸೋಳು. ಹಾಗೆ ಮಾಡಿದ್ರೆ ಮಳೆ ನಾಲ್ಕು ದಿನ ತಡವಾದ್ರೂ ಪೈರು ತಡ್ಕೊಳ್ತದೆ ಅನ್ನೋಳು. "ಮೊಳಕೆ ಮೂತಿ ತೋರ್ಸೋಕ್ ಮುಂಚೆ ಒಣಗಿಸ್ಬೇಕು ಕಣಪ್ಪಾ. ತೋರಿಸಿದ್ಮೇಲೆ ಮುಗೀತು." ಅದು ಅಂಗಡಿ ಬೀಜ ಅಲ್ಲ. ವರ್ಷಾ ವರ್ಷ ಒಳ್ಳೊಳ್ಳೆ ತೆನೆ ಆರಿಸಿ ಅವಳೇ ಉಳಿಸಿಕೊಂಡು ಬಂದಿದ್ದು. ಆ ಸಲ ಅಷ್ಟನ್ನೂ ನೆನೆಹಾಕಿದ್ದಳು.

ಎಪ್ಪತ್ತರ ದಶಕ ಮುಗೀತಾ ಬಂದಿತ್ತು. ನಾನು ಸೂಲಿಬೆಲೆಯಲ್ಲಿ ಬಸ್ಸು ಹಿಡಿದು ಬೆಂಗಳೂರಿನ ಕಾಲೇಜಿಗೆ ಹೋಗಿ ಬಿ.ಎಸ್ಸಿ. ಓದ್ತಿದ್ದೆ. ಅವ್ವನ ಮಾತನ್ನೇ ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಬಿಡಿಸಿದ್ದರು. ನೀರು ಬಿದ್ದ ತಕ್ಷಣ ಬೀಜದ ಜೀವಕೋಶ ಡಿಎನ್‌ಎ ನಕಲು ಮಾಡೋಕೆ ಹೊರಡೋದಿಲ್ಲ. ನೀರು ಸಾಕಾ, ಆಹಾರ ಸಾಕಾ, ಮೈ ತುಂಬಿದೆಯಾ ಅಂತ ನೋಡಿಕೊಂಡು ನಿಂತಿರ್ತದೆ. ಆಗ ಒಣಗಿಸಿದ್ರೆ ಬದುಕ್ತದೆ. ನಕಲು ಶುರುವಾಗಿ ಬೇರು ಹೊರಟಮೇಲೆ ಒಣಗಿಸಿದ್ರೆ ಸಾಯ್ತದೆ. ಇದನ್ನ ಪರೀಕ್ಷೇಲಿ ಬರೆದು ಒಳ್ಳೇ ಮಾರ್ಕು ತಗೊಂಡ ಮಹಾನುಭಾವ ನಾನು.

ಅವತ್ತು ಅವ್ವ ಬೀಜದ ಗಂಟನ್ನ ನೀರಿಂದೆತ್ತಿ ಮೊರದಲ್ಲಿಟ್ಟಳು. ಹರವೋಕೆ ಮುಂಚೆ ಎದೆ ಹಿಡ್ಕೊಂಡು ಕೂತವಳು ಮತ್ತೆ ಏಳಲಿಲ್ಲ. ಸಂಜೆಗೆ ಮಣ್ಣೂ ಆಯ್ತು. ನನಗೆ ಅಳು ಬರಲಿಲ್ಲ. ನೆಂಟರು ತಲೆ ಸವರಿದ್ರೆ ಇನ್ಯಾರದೋ ತಲೆ ಸವರಿದ ಹಾಗಿತ್ತು.

ಸೂತಕದಲ್ಲಿ ಬಿತ್ತನೆ ಬೀಜ ಮುಟ್ಟೋ ಹಾಗಿಲ್ಲ ಅಂತ ಯಾರೂ ಆ ಮೊರದ ಹತ್ರ ಸುಳಿದಿರಲಿಲ್ಲ. ಮೂರನೇ ದಿನ ಹಾಲು ತುಪ್ಪ ಬಿಟ್ಟು ಬಂದು, ಸೂತಕ ಅಂತ ನೋಡದೆ ನಾನೇ ಗಂಟು ಬಿಚ್ಚಿದೆ. ದಪ್ಪ ಬಟ್ಟೆ ಇನ್ನೂ ಹಸಿಯಾಗಿತ್ತು. ಕಾಳು ಕಾಳಿಗೂ ಬಿಳೀ ಮೂತಿ. ಆಗಲೇ ಪಕ್ಕದ ಮನೆಯವರ ಕೈಲಿ ತೋಟದ ಸಸಿ ಮಡೀಲಿ ಚೆಲ್ಲಿಸಿ ನೀರು ಹಾಯಿಸಿದ್ರೆ ಒಂದಿಷ್ಟಾದ್ರೂ ಉಳೀತಿತ್ತು. ನಾನು ಚಾಪೆ ಹಾಸಿ, ಅವ್ವ ಮಾಡ್ತಿದ್ದ ಹಾಗೇ ನೆರಳಲ್ಲಿ ಹರವಿದೆ. ತಿಥಿ ಆಗೋವರೆಗೆ ಇರಲಿ ಅಂತ. ತಲೇಲಿ ಇನ್ನೇನೂ ಓಡಲಿಲ್ಲ.

ತಿಥಿ ಮುಗಿದ ಮಾರನೇ ದಿನ ಅಪ್ಪ ಒಣಗಿದ ಬೀಜ ಅಂಗೈಲಿ ಹಿಡಿದು ಕೇಳಿದ. "ಓದಿದೋನು ನೀನು. ಹೇಳಪ್ಪ, ಬರ್ತದಾ?"

"ಬರ್ತದೆ" ಅಂದುಬಿಟ್ಟೆ.

ಉಳಿದ ಹೊಲಕ್ಕೆ ಅಂಗಡಿ ಬೀಜ ಹಾಕಿ, ಒಂದು ಮೂಲೇಲಿ ಅದನ್ನೇ ಬೇರೆಯಾಗಿ ಬಿತ್ತಿದ. ಮಳೇನೂ ಬಂತು. ದಿನಾ ಬೆಳಿಗ್ಗೆ ಹೋಗಿ ಬಗ್ಗಿ ನೋಡಿ ಬರೋನು. ಹತ್ತು ದಿನ ಆದ್ಮೇಲೆ ಜಗಲಿ ಮೇಲೆ ಕೂತು ಕಾಲಿನ ಮಣ್ಣು ಕೆರೀತಾ ಅಂದ, "ಬೀಜಾನೂ ತಗೊಂಡೇ ಹೋದ್ಲು ಕಣಪ್ಪಾ ನಿಮ್ಮವ್ವ."

ನಾನು ಹೂಂ ಅಂದೆ.