ಎಬ್ಬಿಸುವನು

ನಮ್ಮ ಮನೆಯಲ್ಲಿ ಎಲ್ಲರನ್ನೂ ಎಬ್ಬಿಸುವುದು ಅಕ್ಕನ ಕೆಲಸವಾಗಿತ್ತು. ಬೆಟಗೇರಿಯ ಆ ಸಣ್ಣ ಮನೆಯಲ್ಲಿ ಭಾನುವಾರ ಬೆಳಿಗ್ಗೆ ನನ್ನ ಹೊದಿಕೆ ಎಳೆದು, "ಏಳೋ ತಮ್ಮಾ, ಚರ್ಚಿನ ಗಂಟಿ ಹೊಡೀತು" ಎನ್ನುತ್ತಿದ್ದಳು. ಗಂಟೆ ಇನ್ನೂ ಹೊಡೆದಿರುತ್ತಿರಲಿಲ್ಲ. ಆಮೇಲೆ ನನ್ನ ತಲೆಗೆ ಕೊಬ್ಬರಿ ಎಣ್ಣೆ ತಿಕ್ಕಿ, ಬೈತಲೆ ತೆಗೆದು, ಕೈ ಹಿಡಿದು ಕರೆದೊಯ್ಯುತ್ತಿದ್ದಳು. ಬೈಬಲಿನಲ್ಲಿ ಯಾಕೋಬನ ಪತ್ರಿಕೆಯ ಕೊನೆಗೆ ರೋಗಿಯ ಬಗ್ಗೆ ಒಂದು ಮಾತು ಬರುತ್ತದೆ: ಸಭೆಯ ಹಿರಿಯರು ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸಲಿ, ಕರ್ತನು ರೋಗಿಯನ್ನು ಎಬ್ಬಿಸುವನು ಎಂದು. ಅದನ್ನು ಕೇಳಿದಾಗೆಲ್ಲ ನನಗೆ ಅಕ್ಕನ ಕೈ ನೆನಪಾಗುತ್ತಿತ್ತು.

ಅಪ್ಪ ಆಸ್ಪತ್ರೆಯಲ್ಲಿ ಕಂಪೌಂಡರ್, ಸಭೆಯಲ್ಲಿ ಹಿರಿಯ. ಆ ವಚನಕ್ಕೆ ಅವನ ಅರ್ಥ ಸರಳವಾಗಿತ್ತು. ಆ ಕಾಲದಲ್ಲಿ ಗಾಯಕ್ಕೂ ನೋವಿಗೂ ಎಣ್ಣೆಯೇ ಔಷಧ. ಆದ್ದರಿಂದ ಔಷಧ ಕೊಡಿ, ಪ್ರಾರ್ಥನೆಯನ್ನೂ ಮಾಡಿ, ಇಷ್ಟೇ ಅದರ ತಾತ್ಪರ್ಯ. ಅಕ್ಕನಿಗೆ ಹರೆಯದಲ್ಲೇ ಸಕ್ಕರೆ ಕಾಯಿಲೆ ಬಂದು ದಿನವೂ ಇನ್ಸುಲಿನ್ ಚುಚ್ಚಬೇಕಾದಾಗ, ಅಪ್ಪ ಮೊದಲು ಕಣ್ಣು ಮುಚ್ಚಿ ಪ್ರಾರ್ಥಿಸಿ ಆಮೇಲೆ ಸೂಜಿ ಹಿಡಿಯುತ್ತಿದ್ದ. ಇವೆರಡು ಬೇರೆ ಬೇರೆ ಕೆಲಸ ಎಂದು ಆಗ ನಮಗೆ ಯಾರಿಗೂ ಅನ್ನಿಸಿರಲಿಲ್ಲ.

ಈಗ ಅಕ್ಕ ಇರುವುದು ಸಂಭಾಜಿನಗರದಲ್ಲಿ, ಚಿಕಲಠಾಣಾದ ಕಾರ್ಖಾನೆಗಳ ಹಿಂದಿನ ಕಾಲೊನಿಯೊಂದರಲ್ಲಿ. ಅವಳ ಗಂಡ ಸೊಲ್ಲಾಪುರದವರು, ಅಲ್ಲಿಯೇ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಮರಾಠಿಯವರ ಹಾಗೆ ನಾನು ಅವರನ್ನು ದಾಜಿ ಎನ್ನುತ್ತೇನೆ. ಅವರ ಒಬ್ಬಳೇ ಮಗಳು ಕಾಲೇಜಿನಲ್ಲಿ ಓದುತ್ತಾಳೆ. ನಾವು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ನಾನು ಬ್ಯಾಂಕಿನ ವರ್ಗಾವಣೆಯ ಮೇಲೆ ನಾಶಿಕ್‌ಗೆ ಬಂದವನು. ಶಾಖೆ ಪಂಚವಟಿಯಲ್ಲಿ. ನನ್ನ ಹೆಂಡತಿ ಮಂಗಳೂರು ಕಡೆಯ ಕ್ಯಾಥೊಲಿಕ್.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ದಾಜಿ ಫೋನ್ ಮಾಡಿ, ಅಕ್ಕನ ಕಾಲೊನಿಯ ಪ್ರಾರ್ಥನಾ ಕೂಟದವರು ಮನೆಗೆ ಬಂದು, ಸಕ್ಕರೆ ಕಾಯಿಲೆ ವಾಸಿಯಾಗಲೆಂದು ಅವಳಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿದರು ಎಂದರು. ನಾನು ಅದನ್ನು ಹೆಂಡತಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ಶಿಲುಬೆಯ ಗುರುತು ಮಾಡಿಕೊಂಡಳು.

"ಎಂತದು, ಎಣ್ಣೆ ಹಚ್ಚಿದ್ರಾ? ಅಷ್ಟು ಜೋರುಂಟಾ? ಮತ್ತೆ ನೀವು ಇಲ್ಲಿ ನಿಂತದ್ದು ಯಾಕೆ? ಹೊರಡುವ!"

ಅವಳ ಅಜ್ಜನ ಕೊನೆಯ ದಿನ ಪಾದ್ರಿಗಳು ಎಣ್ಣೆಯ ಪುಟ್ಟ ಡಬ್ಬಿ ಹಿಡಿದು ಮನೆಯ ಮೆಟ್ಟಿಲು ಹತ್ತಿದ್ದನ್ನು ಅವಳು ನೋಡಿದ್ದಳು. ಅವಳ ಪಾಲಿಗೆ ಎಣ್ಣೆ ಬಂತೆಂದರೆ ಆಸೆ ಬಿಟ್ಟಂತೆ. ಹಾಗಲ್ಲ, ಅಕ್ಕ ಓಡಾಡಿಕೊಂಡೇ ಇದ್ದಾಳೆ ಎಂದು ನಾನು ನಕ್ಕೆ. ಆಗ ನಕ್ಕದ್ದು ಚೆನ್ನಾಗಿ ನೆನಪಿದೆ.

ಆ ವಾರವೇ ಇಬ್ಬರೂ ಹೋದೆವು. ಅಕ್ಕ ತೆಳ್ಳಗಾಗಿದ್ದಳು. ಮತ್ತೆ ಮತ್ತೆ ನೀರು ಕುಡಿಯುತ್ತಿದ್ದಳು. ನಾವು ತಂದಿದ್ದ ಹಣ್ಣು ಇಡಲು ನಾನು ಫ್ರಿಜ್ ತೆರೆದೆ. ಬಾಗಿಲಿನ ಖಾನೆಯಲ್ಲಿ ಯಾವಾಗಲೂ ಇರುತ್ತಿದ್ದ ಇನ್ಸುಲಿನ್ ಬಾಟಲಿ ಇರಲಿಲ್ಲ. ಅಲ್ಲಿ ನಿಂಬೆಹಣ್ಣು ಇದ್ದವು.

"ಔಷಧ ಎಲ್ಲಿ, ಅಕ್ಕಾ?"

"ಬಿಟ್ಟೇನಿ."

"ಯಾರು ಬಿಡಿಸಿದ್ರು?"

"ಯಾರೂ ಬಿಡಿಸಿಲ್ಲ. ಎಣ್ಣಿ ಹಚ್ಚಿದ ಮ್ಯಾಲೆ ಸೂಜಿ ಚುಚ್ಚಿಕೊಂಡ್ರ ಆತನ್ನ ನಂಬಿಲ್ಲ ಅಂದಂಗ ಆಗತೈತಿ."

ಅಪ್ಪ ಹೇಳುತ್ತಿದ್ದ ಅರ್ಥವನ್ನು ನಾನು ನೆನಪಿಸಿದೆ. ಅವಳು ನಕ್ಕಳು.

"ಅಪ್ಪ ಕಂಪೌಂಡರ್ ಇದ್ದ. ಆತಗ ಯೋರ್ದನ್ ಹೊಳಿ ನೀರೂ ಟಾನಿಕ್ ಆಗಿ ಕಾಣತಿತ್ತು. ಪತ್ರಿಕೆಯೊಳಗ ಎಣ್ಣಿ ಅಂತ ಬರದೈತಿ, ಔಷಧ ಅಂತ ಬರದಿಲ್ಲ. ಇದ್ದದ್ದನ್ನ ಇದ್ದಂಗ ಓದೋ, ತಮ್ಮಾ."

"ಎಬ್ಬಿಸುವನು ಅಂತ ಇದೆ. ಹಾಸಿಗೆಯಿಂದ ಅಂತ ಎಲ್ಲಿದೆ? ಸಮಾಧಿಯಿಂದ, ಕಡೇ ದಿವಸದಲ್ಲಿ ಅಂತಲೂ ಆಗಬಹುದಲ್ಲ?"

"ನೀ ಬ್ಯಾಂಕಿನಾವ. ಕೊಡೂದಿಲ್ಲ ಅನ್ನೂದಕ್ಕ ನಿನಗ ಹತ್ತು ದಾರಿ ಗೊತ್ತು."

ದಾಜಿ ನೆಲ ನೋಡುತ್ತ ಕುಳಿತಿದ್ದರು. ಅಕ್ಕ ಒಳಗೆ ಹೋದ ಮೇಲೆ ಮೆಲ್ಲಗೆ ಹೇಳಿದರು: "ನಾ ಭಾಳ ಹೇಳಿದೆ. ನಿಮ್ಮ ನಂಬಿಕಿ ಕಮ್ಮಿ, ಅದಕ್ಕ ನನಗ ಆರಾಮ ಆಗೂದು ಲೇಟ್ ಆಗಾಕತ್ತೈತಿ ಅಂತಾಳ. ಅದಕ್ಕ ಏನ್ ಹೇಳ್ಲಿ ನಾನು?"

ನಾಶಿಕ್‌ಗೆ ಮರಳುವಾಗ ಬಸ್ಸಿನಲ್ಲಿ ನಾನು ಹೆಂಡತಿಗೆ ನನ್ನ ಕಷ್ಟವನ್ನು ನನಗೆ ತಿಳಿದ ರೀತಿಯಲ್ಲಿ ಹೇಳಿದೆ. ಬ್ಯಾಂಕಿನಲ್ಲಿ ಒಂದೇ ಸುತ್ತೋಲೆಯನ್ನು ಒಂದೊಂದು ಶಾಖೆ ಒಂದೊಂದು ರೀತಿ ಓದುತ್ತದೆ. ಜಗಳ ಹತ್ತಿದರೆ ಮೇಲಿನ ಕಚೇರಿಗೆ ಫೋನ್ ಮಾಡಿ ಸ್ಪಷ್ಟೀಕರಣ ಕೇಳುತ್ತೇವೆ. ಈ ವಚನಕ್ಕೆ ಯಾರಿಗೆ ಫೋನ್ ಮಾಡಲಿ?

"ನಮಗುಂಟು, ರೋಮಿನಲ್ಲಿ" ಎಂದಳು. ಆಮೇಲೆ, "ಆದ್ರೆ ನಿಮ್ಮ ಅಕ್ಕ ಆ ನಂಬರ್ ಎತ್ತುವುದಿಲ್ಲವಲ್ಲ" ಎಂದು ಕಿಟಕಿಯ ಕಡೆ ತಿರುಗಿದಳು.

ಆ ದಾರಿಯುದ್ದಕ್ಕೂ ನನಗೆ ಕಾಣುತ್ತಿದ್ದದ್ದು ಪುಸ್ತಕವಲ್ಲ, ಎಣ್ಣೆ. ಅಪ್ಪ ಅದನ್ನು ಔಷಧದ ಕಪಾಟಿನಲ್ಲಿ ನೋಡಿದ್ದ. ನನ್ನ ಹೆಂಡತಿ ಅಜ್ಜನ ಹಣೆಯ ಮೇಲೆ ನೋಡಿದ್ದಳು. ಅಕ್ಕ ಕೂಟದಲ್ಲಿ ಬೆನ್ನುನೋವು ವಾಸಿಯಾಗಿ ಎದ್ದು ನಿಂತ ಹೆಂಗಸೊಬ್ಬಳ ತಲೆಯ ಮೇಲೆ ನೋಡಿದ್ದಳಂತೆ. ಆ ವಚನವನ್ನು ಓದಲು ಯಾರೂ ಬರಿಗೈಯಲ್ಲಿ ಬಂದಿರಲಿಲ್ಲ. ಇದು ತಿಳಿದದ್ದರಿಂದ ಏನೂ ಆಗಲಿಲ್ಲ. ಅಕ್ಕ ಇನ್ಸುಲಿನ್ ಮುಟ್ಟಲಿಲ್ಲ.

ನಾವು ಅವಳನ್ನು ನೋಡಿ ಬಂದದ್ದು ಭಾನುವಾರ. ಮುಂದಿನ ಭಾನುವಾರ ಇನ್ನೂ ಬಂದಿರಲಿಲ್ಲ, ಒಂದು ಬೆಳಿಗ್ಗೆ ನಾನು ಕ್ಷೌರ ಮಾಡಿಕೊಳ್ಳುತ್ತಿದ್ದಾಗ ಅಕ್ಕನ ಮಗಳ ಫೋನ್ ಬಂತು.

"ಮಾಮಾ, ಆಯಿ ಉಠತ ನಾಹೀ."

ಅಮ್ಮ ಏಳುತ್ತಿಲ್ಲ. ಮೊದಲ ಕ್ಷಣ ನನಗೆ ಅದು ಮಾಮೂಲಿ ಮಾತಿನಂತೆ ಕೇಳಿಸಿತು. ಮರುಕ್ಷಣ ಆ ವಚನದ ಮಾತು ನೆನಪಾಗಿ ರೇಜರ್ ಕೆಳಗಿಟ್ಟೆ. ಉಸಿರಾಡುತ್ತಿದ್ದಾಳಾ ಎಂದು ಕೇಳಿದೆ. ಜೋರಾಗಿ, ಓಡಿ ಬಂದವಳ ಹಾಗೆ ಉಸಿರಾಡುತ್ತಿದ್ದಾಳೆ ಎಂದಳು. ಆಸ್ಪತ್ರೆಗೆ ಒಯ್ಯಿ, ನಿನ್ನ ಅಪ್ಪನನ್ನು ಕೇಳುತ್ತ ನಿಲ್ಲಬೇಡ ಎಂದೆ.

ಯೇವಲಾ, ವೈಜಾಪುರ ದಾಟಿ ನಾವು ತಲುಪುವಷ್ಟರಲ್ಲಿ ಅಕ್ಕ ಐಸಿಯುನಲ್ಲಿದ್ದಳು. ಇನ್ಸುಲಿನ್ ಇಲ್ಲದೆ ರಕ್ತ ಆಮ್ಲವಾಗಿ ಪ್ರಜ್ಞೆ ತಪ್ಪಿದೆ, ಡ್ರಿಪ್‌ನಲ್ಲಿ ಇನ್ಸುಲಿನ್ ಕೊಡುತ್ತಿದ್ದೇವೆ, ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರು. ಹೊರಗಿನ ಬೆಂಚಿನಲ್ಲಿ ಕೂಟದ ಪಾಸ್ಟರ್ ಕುಳಿತಿದ್ದರು. ನನಗಿಂತ ಚಿಕ್ಕ ವಯಸ್ಸು, ಇಸ್ತ್ರಿಯಿಲ್ಲದ ಅಂಗಿ. ಅವರನ್ನು ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಬಂದಿದ್ದೆ. ಅವರೇ ಎದ್ದು ಬಂದು ಹಿಂದಿಯಲ್ಲಿ ಹೇಳಿದರು: "ಔಷಧ ಬಿಡಿ ಅಂತ ನಾನು ಹೇಳಲೇ ಇಲ್ಲ, ಸರ್. ಪೂರ್ತಿ ಭರವಸೆ ಇಡಿ ಅಂದೆ. ಅಷ್ಟೇ ಅಂದೆ." ಅವರ ಕಣ್ಣು ಕೆಂಪಾಗಿದ್ದವು. ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನ್ನಿಸಲಿಲ್ಲ. ಅವರ ಮಾತನ್ನೂ ಅಕ್ಕ ತನ್ನ ಅರ್ಥದಲ್ಲಿ ಕೇಳಿದ್ದಳು.

ಆಮೇಲೆ ಎಲ್ಲರೂ ಪ್ರಾರ್ಥಿಸಿದೆವು. ಪಾಸ್ಟರ್ ಮರಾಠಿಯಲ್ಲಿ, ಗಟ್ಟಿಯಾಗಿ. ಹೆಂಡತಿ ಜಪಮಾಲೆ ಹಿಡಿದು, ತುಟಿ ಮಾತ್ರ ಆಡಿಸುತ್ತ. ದಾಜಿ ಗೋಡೆಗೆ ಹಣೆ ಒತ್ತಿದ್ದರು. ನನಗೆ ಬಂದ ಪ್ರಾರ್ಥನೆ ಒಂದೇ ಶಬ್ದದ್ದು: ಎಬ್ಬಿಸು. ಯಾವ ಅರ್ಥದಲ್ಲಿ ಎಂದು ಈ ಸಲ ನಾನು ಕೇಳಲಿಲ್ಲ. ಹಾಸಿಗೆಯಿಂದ, ಈಗಲೇ, ಅಕ್ಕ ಓದುವ ಅರ್ಥದಲ್ಲೇ ಬೇಡಿದೆ.

ಮರುದಿನ ಮಧ್ಯಾಹ್ನ ಅವಳು ಕಣ್ಣು ತೆರೆದಳು. ನನ್ನನ್ನು ಒಳಗೆ ಬಿಟ್ಟರು. ತುಟಿ ಒಡೆದಿತ್ತು, ದನಿ ಬಹಳ ಸಣ್ಣಗಿತ್ತು.

"ನೋಡಿದಿ, ತಮ್ಮಾ? ಎಬ್ಬಿಸಿದ."

ನಾನು ಅವಳ ಕೈಗೆ ಚುಚ್ಚಿದ್ದ ಕೊಳವೆಯನ್ನು ನೋಡಿದೆ. ಅವಳೂ ನೋಡಿದಳು. "ಅದರಿಂದಲೇ ಎದ್ದದ್ದು, ಅಕ್ಕಾ. ಅದೂ ಆತನೇ ಕೊಟ್ಟದ್ದು ಅಂದುಕೋ" ಎಂದೆ. ಅವಳು ಕಣ್ಣು ಮುಚ್ಚಿದಳು. ನಾನು ಅಲ್ಲಿಯವರೆಗೆ ಅಂದುಕೊಂಡಿದ್ದೆ, ಜಗಳವಿರುವುದು ಬರೆದದ್ದರ ಬಗ್ಗೆ, ಕಣ್ಣೆದುರು ನಡೆದದ್ದರ ಬಗ್ಗೆ ಜಗಳವಿರಲಾರದು ಎಂದು. ಒಂದೇ ಹಾಸಿಗೆಯ ಎರಡು ಬದಿಯಲ್ಲಿದ್ದು ನಾವು ಬೇರೆ ಬೇರೆಯದನ್ನು ಕಂಡಿದ್ದೆವು.

ಮನೆಗೆ ಬಂದ ಮೇಲೆ, ಮಗಳು ಅತ್ತದ್ದಕ್ಕೆ, ಅಕ್ಕ ಇನ್ಸುಲಿನ್ ತೆಗೆದುಕೊಳ್ಳಲು ಒಪ್ಪಿದಳು. "ನಿನ್ನ ಸಮಾಧಾನಕ್ಕ" ಎಂದಳಂತೆ, ತನ್ನ ಆರೋಗ್ಯಕ್ಕೆ ಎನ್ನಲಿಲ್ಲ. ಬಾಟಲಿ ಮತ್ತೆ ಫ್ರಿಜ್ಜಿನ ಬಾಗಿಲಿಗೆ ಬಂತು. ಅಂದಿನಿಂದ ಬೆಳಿಗ್ಗೆ ನಾನು ಫೋನ್ ಮಾಡುತ್ತೇನೆ.

"ಎದ್ದಿ, ಅಕ್ಕಾ?"

"ಎದ್ದೇನಿ. ನಿನಗ ಶಾಖೆಗೆ ಹೊತ್ತಾಗಂಗಿಲ್ಲೇನು?"

ಚುಚ್ಚಿಸಿಕೊಂಡೆಯಾ ಎಂದು ನಾನು ಕೇಳುವುದಿಲ್ಲ. ಕೇಳಿದರೆ ಹಟಕ್ಕೆ ಬೀಳುತ್ತಾಳೆ. ಅದಾದ ಮೇಲೆ ಮಗಳ ಮೆಸೇಜಿಗೆ ಕಾಯುತ್ತೇನೆ. 'ಹೋ' ಎಂದು ಬರುತ್ತದೆ. ಹೌದು ಎಂದರ್ಥ. ಅದು ಬರುವವರೆಗೆ ಚಹಾ ಮುಟ್ಟುವುದಿಲ್ಲ.

ಇವತ್ತು ಬೆಳಿಗ್ಗೆ ಬಂದದ್ದು 'ಆಜ ನಾಹೀ'.

ಇವತ್ತು ಇಲ್ಲ. ಮತ್ತೆ ಫೋನ್ ಮಾಡಿದೆ, ಅಕ್ಕ ಎತ್ತಲಿಲ್ಲ. ರಜೆ ಕೇಳದೆ ಚಪ್ಪಲಿ ಹಾಕಿಕೊಂಡೆ. ಹೆಂಡತಿ ಜಪಮಾಲೆಯನ್ನೂ ನೀರಿನ ಬಾಟಲಿಯನ್ನೂ ಚೀಲಕ್ಕೆ ಹಾಕುತ್ತ ಕೇಳಿದಳು: "ಹೋಗಿ ಎಂತ ಹೇಳ್ತೀರಿ ಅವರಿಗೆ?"

ಹೇಳುವುದೆಲ್ಲ ಮುಗಿದಿತ್ತು. ಹೋಗಿ ಅವಳ ಕಾಲ ಬಳಿ ಕೂರುತ್ತೇನೆ, ನೀ ಚುಚ್ಚಿಸಿಕೊಳ್ಳುವವರೆಗೆ ಏಳುವುದಿಲ್ಲ ಎನ್ನುತ್ತೇನೆ ಎಂದೆ. ನಮ್ಮ ಮನೆಯಲ್ಲಿ ಎಲ್ಲರನ್ನೂ ಎಬ್ಬಿಸುತ್ತಿದ್ದವಳು ಅವಳು. ನನ್ನನ್ನಾದರೂ ಎಬ್ಬಿಸಲಿ.