ಬಾವಿ ದಾಟದ ಬೆಲ್ಲ

ಆಗ ನನಗೆ ಐವತ್ತಾರು. ಹನ್ನೆರಡು ವರ್ಷದ ಹಿಂದಿನ ಮಾತು. ಖಟಕ ಚಿಂಚೋಳಿಯ ಅಂಗನವಾಡಿಯಲ್ಲಿ ನಾನು ಸಹಾಯಕಿ. ಮಕ್ಕಳನ್ನು ಮನೆಯಿಂದ ಕರೆತರುವುದು, ಅಡುಗೆ ಮಾಡುವುದು, ಮೂಗು ಒರೆಸುವುದು ನನ್ನ ಕೆಲಸ. ಬರವಣಿಗೆಯೆಲ್ಲ ಶಬಾನಾ ಟೀಚರ್‌ದು. ನನಗೆ ಸಹಿ ಮಾಡುವಷ್ಟು ಅಕ್ಷರ ಬರುತ್ತಿತ್ತು. ಇಷ್ಟು ಬರೆಯಲು ಕಲಿತದ್ದು ಆಮೇಲೆ.

ಆ ಬೇಸಿಗೆಯಲ್ಲಿ ಕುರಿ ಸಾಕುವ ಶರಣಮ್ಮನ ಮೊಮ್ಮಗಳು ಅಂಬಿಕಾ ನಮ್ಮ ಕಣ್ಣಿಗೆ ಬಿದ್ದಳು. ಒಂದೂವರೆ ವರ್ಷದ ಕೂಸು. ಕುಂಡಿಯ ಚರ್ಮ ಜೋತುಬಿದ್ದಿತ್ತು, ಅಳುವ ಶಕ್ತಿಯೂ ಇರಲಿಲ್ಲ. ಟೀಚರ್ ತೋಳಿಗೆ ಪಟ್ಟಿ ಸುತ್ತಿದರು. ಅದರಲ್ಲಿ ಹಸಿರು, ಹಳದಿ, ಕೆಂಪು ಬಣ್ಣಗಳಿರುತ್ತವೆ; ದೇಶದೇಶಗಳಲ್ಲಿ ಹಸಿದ ಮಕ್ಕಳ ತೋಳಿಗೆ ಇಂಥದೇ ಪಟ್ಟಿ ಸುತ್ತುತ್ತಾರಂತೆ. ತೋಳಿನ ಸುತ್ತಳತೆ ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು. ಅಂಬಿಕಾದು ಕೆಂಪು. ಅಂಥ ಕೂಸನ್ನು ಬೀದರಿನ ಎನ್‌ಆರ್‌ಸಿಗೆ, ಅಂದರೆ ಅಪೌಷ್ಟಿಕ ಮಕ್ಕಳ ಪುನಶ್ಚೇತನ ಕೇಂದ್ರಕ್ಕೆ, ಸೇರಿಸಬೇಕು. ಅಲ್ಲಿ ತಾಯಿ ಮಗು ಇಬ್ಬರನ್ನೂ ಇಟ್ಟುಕೊಂಡು ಔಷಧ, ಆಹಾರ ಕೊಟ್ಟು ಚೇತರಿಸುತ್ತಾರೆ. ಮನೆಯಲ್ಲೇ ಬಿಟ್ಟರೆ ಒಂದು ಸಲದ ಭೇದಿ ಸಾಕು, ಕೂಸು ಹೋಗುತ್ತದೆ.

ಶರಣಮ್ಮ ಒಪ್ಪಲಿಲ್ಲ. ಅಲ್ಲಿ ತೂಕ ಮಾಡುತ್ತಾರೆ ಎಂಬುದೇ ಅವಳ ತಕರಾರು. ಅವರ ಮನೆಯಲ್ಲಿ ಕೂಸಿನ ಮೊದಲ ತೂಕ ಮೈಲಾರ ಮಲ್ಲಣ್ಣನಿಗೆ ಮೀಸಲು. ತಕ್ಕಡಿಯ ಒಂದು ಕಡೆ ಕೂಸು, ಇನ್ನೊಂದು ಕಡೆ ಬೆಲ್ಲ. ಆ ಬೆಲ್ಲವನ್ನು ಮನೆಮನೆಗೂ ಒಂದು ಹುಗ್ಗಿಗೆ ಆಗುವಷ್ಟು ಓಣಿಗೆಲ್ಲ ಹಂಚಬೇಕು. ಅಂಬಿಕಾ ಹುಟ್ಟಿದ್ದು ಕುರಿಹಟ್ಟಿಯಲ್ಲಿ, ಹಾಗಾಗಿ ಆವರೆಗೆ ಯಾರೂ ತೂಗಿರಲಿಲ್ಲ. ಹರಕೆಗೆ ಕೂಸಿನ ಅಪ್ಪ, ಅಂದರೆ ಶರಣಮ್ಮನ ಮಗ, ಇರಬೇಕು. ಮಗ ಕುರಿ ಹೊಡೆದುಕೊಂಡು ತೆಲಂಗಾಣದ ಕಡೆ ಹೋಗಿದ್ದ, ಮಳೆ ಬಿದ್ದ ಮೇಲೆ ಬರುವವನು. ಟೀಚರ್ ಎರಡು ಸಲ ಹೋಗಿ ಚಹಾ ಕುಡಿದು ವಾಪಸ್ ಬಂದರು. ಸೊಸೆ ರೇಖಾ ಅತ್ತೆಯ ಎದುರು ಬಾಯಿ ಬಿಡಲಿಲ್ಲ.

ಮೂರನೆಯ ಸಲ ನಾನು ಹೋದೆ. ಹರಕೆ ಸುಳ್ಳು ಎನ್ನಲಿಲ್ಲ; ನನ್ನ ಮಕ್ಕಳನ್ನೂ ಹಾಗೇ ತೂಗಿಸಿದ್ದೇನೆ. ಈಗಲೇ ತೀರಿಸಿಬಿಡು ಎಂದೆ.

“ಮಗ ಇಲ್ಲದ ಹ್ಯಾಂಗ ಮಾಡ್ಲಿ?”

“ಮಲ್ಲಣ್ಣ ಕಾಯ್ತಾನ ಶರಣಮ್ಮ. ಕೂಸು ಕಾಯಂಗಿಲ್ಲ.”

“ನಿನ್ನ ಬಾಯಾಗ ಹುಳ ಬೀಳ್ಲಿ” ಎಂದು ಬೈದಳು. ಬೈದು ಮುಗಿಸಿ, ಬೆಲ್ಲ ಎಷ್ಟು ತರಿಸಲಿ ಎಂದು ಕೇಳಿದಳು.

ಬಂದ ರವಿವಾರ ಮಲ್ಲಣ್ಣನ ಗುಡಿಯ ಮುಂದಿನ ಬೇವಿನ ಟೊಂಗೆಗೆ ಕಿರಾಣಿ ಅಂಗಡಿಯ ತಕ್ಕಡಿ ಕಟ್ಟಿದೆವು. ಬೆಲ್ಲದ ದೊಡ್ಡ ಪೆಂಟಿ ಇಟ್ಟ ಕೂಡಲೇ ಕೂಸು ಮೇಲಕ್ಕೆ ಹೋಯಿತು. ಪೆಂಟಿ ಒಡೆದು ತುಂಡು ತುಂಡಾಗಿ ತೆಗೆಯುತ್ತ ಬಂದೆವು. ಸಮಕ್ಕೆ ಬಂದಾಗ ಉಳಿದದ್ದು ಆರು ಕಿಲೋ ಕೂಡ ಅಲ್ಲ.

ಶರಣಮ್ಮ ಆ ಬೆಲ್ಲವನ್ನು ಅಗಲವಾದ ಪರಾತದಲ್ಲಿ ಹೊತ್ತು ಹಂಚುತ್ತ ಹೊರಟಳು. ಬಾವಿಯ ಹತ್ತಿರ ಬರುವಷ್ಟರಲ್ಲಿ ಬೆಲ್ಲ ಮುಗಿಯಿತು. ತೆಗೆದಿಟ್ಟ ತುಂಡುಗಳನ್ನು ಕೊಡು ಎಂದು ಯಾರೋ ಅಂದರು. ತೂಗದ ಬೆಲ್ಲ ಪ್ರಸಾದ ಅಲ್ಲ ಎಂದಳು. ಬಾವಿಯಾಚೆಯ ಮನೆಯ ಮುದುಕಿ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

“ನಿನ್ನ ಮಗನ ಬೆಲ್ಲ ನಮ್ಮ ಮನಿ ದಾಟಿ ಹೋಗಿತ್ತಲ್ಲವಾ. ಆಗ ಅವನಿಗೂ ಇಷ್ಟೇ ವಯಸ್ಸು.”

ಶರಣಮ್ಮ ಬಾವಿಯ ಕಟ್ಟೆಯ ಮೇಲೆ ಕೂತಳು. ಖಾಲಿ ಪರಾತವನ್ನು ನೋಡಿದಳು, ರೇಖಾಳ ಬಗಲಲ್ಲಿದ್ದ ಕೂಸನ್ನು ನೋಡಿದಳು. ಹರಕೆ ಮುಗಿದರೆ ಸಾಕು ಎಂದಷ್ಟೇ ನಾನು ಲೆಕ್ಕ ಹಾಕಿದ್ದೆ. ಕೂಸು ಎಷ್ಟು ಸೊರಗಿದೆ ಎಂದು ಬೆಲ್ಲವೇ ತೋರಿಸೀತು ಎಂಬುದು ನನಗೂ ಹೊಳೆದಿರಲಿಲ್ಲ.

“ಬಟ್ಟಿ ಕಟ್ಟು ರೇಖಾ. ನಾಳೆ ಬೀದರಕ್ಕ ಹೋಗು.”

“ಮನ್ಯಾಗ ಕುರಿಮರಿ ಯಾರು ನೋಡ್ತಾರ ಅತ್ತಿ?”

“ನಾ ನೋಡ್ತೇನಿ. ಮರಿ ನೋಡಕೋತ ಕೂತೇ ಇಷ್ಟ ಆಗೇದ.”

ಭಾಲ್ಕಿಯಲ್ಲಿ ಬಸ್ಸು ಬದಲಿಸಿ ಅವರನ್ನು ಬೀದರಿಗೆ ಮುಟ್ಟಿಸಿದೆ. ಹಾಲು, ಸಕ್ಕರೆ, ಎಣ್ಣೆ ಕೂಡಿಸಿ ಗುಟುಕು ಗುಟುಕಾಗಿ ಕುಡಿಸಿದರು. ಇಷ್ಟೇನಾ ಎಂದು ರೇಖಾ ಗೊಣಗಿದಳು. ಬಹಳ ದಿನ ಹಸಿದ ಹೊಟ್ಟೆಗೆ ಒಮ್ಮೆಲೇ ತುಂಬಿಸಿದರೆ ಜೀವಕ್ಕೇ ಅಪಾಯ ಎಂದು ನರ್ಸ್ ತಿಳಿಸಿ ಹೇಳಿದರು. ವಾರ ಬಿಟ್ಟು ಹೋದಾಗ ಅಂಬಿಕಾ ಬಟ್ಟಲು ಬಿಡದೆ, ಇನ್ನೂ ಬೇಕೆಂದು ವಾರ್ಡ್ ಹಾರಿಹೋಗುವಂತೆ ಕಿರುಚುತ್ತಿದ್ದಳು. ಎರಡು ವಾರಕ್ಕೆ ಮನೆಗೆ ಬಂದರು. ಆಮೇಲೆ ಮೊಟ್ಟೆ, ಶೇಂಗಾ, ಬೇಳೆ ತಿನ್ನಿಸುವ ಕೆಲಸ ಶರಣಮ್ಮನೇ ಹಿಡಿದಳು. ನನಗೆ ಕೈ ಹಾಕಲೂ ಬಿಡಲಿಲ್ಲ.

ದೀಪಾವಳಿ ಮುಗಿದ ಮೇಲೆ ಶರಣಮ್ಮ ಇನ್ನೊಮ್ಮೆ ತಕ್ಕಡಿ ಕಟ್ಟಿಸಿದಳು. ಮಗ ಇಲ್ಲದೆ ತೂಗಿದ್ದನ್ನು ಮಲ್ಲಣ್ಣ ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ. ಈ ಸಲ ಮಗನೇ ಕೂಸನ್ನು ಕೂರಿಸಿದ. ಅಂಬಿಕಾ ತಕ್ಕಡಿಯಲ್ಲಿ ಕೂತು ಒದ್ದಾಡಿದಳು. ಒಂಬತ್ತು ಕಿಲೋ ಬೆಲ್ಲ ಇಟ್ಟ ಮೇಲೆ ಮುಳ್ಳು ನೆಟ್ಟಗಾಯಿತು. ಬೆಲ್ಲ ಬಾವಿ ದಾಟಿತು. ಆ ಮುದುಕಿಯ ಬಟ್ಟಲಿಗೆ ಶರಣಮ್ಮ ಎರಡು ಪಾಲು ಹಾಕಿದಳು. ಕಡೆಯ ಮನೆ ಮುಗಿದ ಮೇಲೂ ಪರಾತದಲ್ಲಿ ದೊಡ್ಡದೊಂದು ತುಂಡು ಉಳಿದಿತ್ತು. ಅದನ್ನು ನನ್ನ ಉಡಿಗೆ ಹಾಕಿ, “ಹುಳ ಬೀಳ್ಲಿ ಅಂದಿದ್ದೆ. ಬೆಲ್ಲ ಬಿತ್ತು ನೋಡು” ಎಂದಳು.

ಕೆಲಸ ನನಗೆ ಕಲಿಸಿದ್ದು ಇಷ್ಟೇ: ಮನೆಯವರು ನಮ್ಮ ಪಟ್ಟಿಯ ಬಣ್ಣ ನಂಬದಿದ್ದರೆ ಜಗಳಕ್ಕೆ ನಿಲ್ಲಬಾರದು. ಅವರು ಯಾವುದರಿಂದ ಅಳೆಯುತ್ತಾರೋ ಅದರಿಂದಲೇ ಅಳೆಯಲು ಬಿಡಬೇಕು.

ಮರುದಿನ ಬೆಳಿಗ್ಗೆ ಬೇಗ ಹೋಗಿ ಅಂಗನವಾಡಿಯ ಬಾಗಿಲು ತೆಗೆದೆ. ಶೇಂಗಾ ಹುರಿದು, ಆ ಬೆಲ್ಲ ಕುಟ್ಟಿ ಸೇರಿಸಿ, ಮಕ್ಕಳಿಗೆಲ್ಲ ಉಂಡಿ ಕಟ್ಟಿದೆ. ಅಂಬಿಕಾ ತನ್ನದನ್ನು ತಿಂದು ಮತ್ತೆ ಕೈ ಚಾಚಿದಳು. ಇನ್ನೊಂದು ಕೊಟ್ಟೆ.